ಚಾಲಕನಿಲ್ಲದ ಕಾರಿನ ಕ್ಲೇಮು

ವಿಮಾ ಕಂಪನಿಯವರ ಜ್ಞಾಪಕಶಕ್ತಿ ಅಸಾಧಾರಣವಾದದ್ದು. ಪಾಲಿಸಿ ಮುಗಿಯಲು ಇನ್ನೂ ತಿಂಗಳೊಪ್ಪತ್ತು ಇರುವಾಗಲೇ ನನ್ನ ಹೆಸರು, ಕಾರಿನ ನಂಬರು ಎಲ್ಲ ತಾವೇ ಹೇಳಿ, “ಹೇಗಿದ್ದೀರಿ ಸರ್?” ಎಂದು ವಿಚಾರಿಸುತ್ತಾರೆ. ನೆಂಟರು ಮದುವೆ ಕರೆಯುವಾಗಲೂ ಇಷ್ಟು ಅಕ್ಕರೆ ತೋರಿಸುವುದಿಲ್ಲ. ಅದೇ ಕಂಪನಿಗೆ ನಾವಾಗಿ ಫೋನ್ ಮಾಡಿ “ಕ್ಲೇಮು” ಎಂದೆವೋ, ಗುರುತೇ ಹತ್ತುವುದಿಲ್ಲ. ಪಾಲಿಸಿ ನಂಬರು ಹೇಳಿ, ಚಾಸಿ ನಂಬರಿನ ಕೊನೆಯ ಅಂಕಿಗಳನ್ನು ಹೇಳಿ, ಹುಟ್ಟಿದ ತಾರೀಕು ಹೇಳಿ. ಹುಟ್ಟಿದ್ದಕ್ಕೆ ಸಾಕ್ಷಿ ಯಾರು ಎಂದು ಕೇಳುವುದಿಲ್ಲ, ಅದೊಂದು ಪುಣ್ಯ.

ಇದೆಲ್ಲ ಸಹಿಸಬಹುದು. ನನ್ನ ನಿಜವಾದ ತಕರಾರು ಇರುವುದು ನೋ ಕ್ಲೇಮ್ ಬೋನಸ್ಸಿನ ಮೇಲೆ. ವರ್ಷವಿಡೀ ಏನೂ ಕೇಳದೆ ತೆಪ್ಪಗಿದ್ದರೆ ಮುಂದಿನ ವರ್ಷದ ಪ್ರೀಮಿಯಮ್ಮಿನಲ್ಲಿ ರಿಯಾಯಿತಿ. ತೆಪ್ಪಗಿದ್ದಷ್ಟೂ ರಿಯಾಯಿತಿ ಬೆಳೆಯುತ್ತ ಹೋಗುತ್ತದೆ. ಒಮ್ಮೆ ಬಾಯಿ ಬಿಟ್ಟಿರೋ, ಕೂಡಿಟ್ಟದ್ದೆಲ್ಲ ನೀರಲ್ಲಿ ಹೋಮ. ಹೀಗಾಗಿ ಬಾಗಿಲಿಗೆ ಗೇಟು ಉಜ್ಜಿದರೆ ಕೈಯಿಂದಲೇ ದುಡ್ಡು, ಪಕ್ಕದ ಕನ್ನಡಿ ಯಾರೋ ಮುರಿದು ಹೋದರೆ ಕೈಯಿಂದಲೇ ದುಡ್ಡು. ಕಾರನ್ನು ಕಾಪಾಡಲಿ ಎಂದು ವಿಮೆ ಮಾಡಿಸುತ್ತೇವೆ, ಆಮೇಲೆ ಜೀವಮಾನವಿಡೀ ವಿಮೆಯನ್ನು ಕಾಪಾಡುತ್ತ ಕೂರುತ್ತೇವೆ. ನನ್ನ ಸಹೋದ್ಯೋಗಿಯೊಬ್ಬರ ಕಾರಿನಲ್ಲಿ ತಗ್ಗಿಲ್ಲದ ಬಾಗಿಲೇ ಇಲ್ಲ. ಆದರೆ ಬೋನಸ್ಸು ಗರಿಷ್ಠ ಮಟ್ಟದಲ್ಲಿದೆ ಎಂದು ಪಾಲಿಸಿಯ ಹಾಳೆಯನ್ನೇ ಫೋನಿನಲ್ಲಿ ತೆಗೆದು ತೋರಿಸುತ್ತಾರೆ.

ನಾನೂ ಹಾಗೇ ಇದ್ದೆ, ಎದುರುಮನೆಯ ರಾಯರು ರಿವರ್ಸ್ ತೆಗೆಯುವವರೆಗೆ.

ನನ್ನ ಕಾರು ಗೇಟಿನ ಮುಂದೆ ತನ್ನ ಪಾಡಿಗೆ ನಿಂತಿತ್ತು. ಧಡ್ ಎಂಬ ಸದ್ದಿಗೆ ಮಹಡಿಯಿಂದ ಬಗ್ಗಿ ನೋಡಿದರೆ, ಮುಂದಿನ ಬಂಪರು ಒಂದು ಕಡೆ ಕಳಚಿ ನೆಲ ಮುಟ್ಟುತ್ತಿದೆ. ರಾಯರ ಕಾರಿನ ಹಿಂದಿನ ದೀಪ ಪುಡಿ. ರಾಯರು ಇಳಿದು, “ಅಯ್ಯಯ್ಯೋ, ಕಾರು ಇಲ್ಲಿತ್ತೇನ್ರೀ?” ಎಂದರು.

ಕೈಯಿಂದ ಕೊಡುವ ಬಾಬತ್ತಲ್ಲ ಅನ್ನಿಸಿ ಕಂಪನಿಯ ಆ್ಯಪ್ ತೆರೆದೆ. ಮೊದಲ ಪ್ರಶ್ನೆಗೇ ಸಿಕ್ಕಿಕೊಂಡೆ: ಅಪಘಾತದ ವೇಳೆ ಕಾರು ಚಲಾಯಿಸುತ್ತಿದ್ದವರ ಹೆಸರು. ಪಕ್ಕದಲ್ಲಿ ಕೆಂಪು ನಕ್ಷತ್ರ, ಅಂದರೆ ತುಂಬದೆ ಮುಂದೆ ಹೋಗುವಂತಿಲ್ಲ. ಫೋನ್ ಮಾಡಿದೆ.

“ಡ್ರೈವ್ ಮಾಡ್ತಿದ್ದವರು ಯಾರು ಸರ್?”

“ಯಾರೂ ಇಲ್ಲಮ್ಮ.”

“ಯಾರೂ ಇಲ್ದೆ ಕಾರು ಹೋಗ್ತಿತ್ತಾ ಸರ್?”

“ಹೋಗ್ತಿರ್ಲಿಲ್ಲ. ನಿಂತಿತ್ತು.”

“ಓಕೆ ಸರ್. ಹಾಗಾದ್ರೆ ನಿಮ್ಮ ಹೆಸರೇ ಹಾಕ್ಬಿಡ್ಲಾ?”

“ನಾನು ಮಹಡಿ ಮೇಲೆ ಬಟ್ಟೆ ಒಣಗಿ ಹಾಕ್ತಿದ್ದೆ ಕಣಮ್ಮ.”

“ಸರಿ ಸರ್. ಆಗ ಸ್ಪೀಡ್ ಎಷ್ಟಿತ್ತು?”

ಕಾರಿನದೋ ಬಟ್ಟೆಯದೋ ಎಂದು ಕೇಳಬೇಕೆನ್ನಿಸಿತು. ಆ ಹುಡುಗಿಯದೇನು ತಪ್ಪು, ಅವಳ ಮುಂದಿನ ಪರದೆಯಲ್ಲೂ ಅದೇ ಕೆಂಪು ನಕ್ಷತ್ರ ಇದ್ದಿರಬೇಕು. ಕೊನೆಗೆ ನನ್ನ ಹೆಸರು, ವೇಗ ಸೊನ್ನೆ ಎಂದು ತುಂಬಿಸಿಕೊಂಡಳು. ಅದರ ಕೆಳಗೇ ಒಂದು ಘೋಷಣೆ: ಮೇಲಿನ ವಿವರಗಳಲ್ಲಿ ಯಾವುದಾದರೂ ಸುಳ್ಳೆಂದು ಕಂಡುಬಂದರೆ ಕ್ಲೇಮು ತಿರಸ್ಕೃತವಾಗುತ್ತದೆ!

ವಿಮೆ ಮಾಡಿಸುವವನು ಏನನ್ನೂ ಮುಚ್ಚಿಡಬಾರದು ಎಂಬ ಈ ನಿಯಮ ಹಳೆಯದು. 1766ರಲ್ಲಿ ಇಂಗ್ಲೆಂಡಿನ ನ್ಯಾಯಾಧೀಶ ಲಾರ್ಡ್ ಮ್ಯಾನ್ಸ್‌ಫೀಲ್ಡ್ ಇದನ್ನು ವಿವರವಾಗಿ ಹೇಳಿದ ಮೊಕದ್ದಮೆಯ ಕಥೆಯೇ ಸ್ವಾರಸ್ಯ. ಸುಮಾತ್ರಾದ ಒಂದು ಕೋಟೆಯ ಗವರ್ನರು ಕೋಟೆ ಶತ್ರುಗಳ ಪಾಲಾದರೆ ಎಂದು ವಿಮೆ ಮಾಡಿಸಿದ್ದ. 1760ರಲ್ಲಿ ಫ್ರೆಂಚರು ಬಂದು ಹಿಡಿದೇಬಿಟ್ಟರು. ವಿಮೆ ಕೊಟ್ಟಿದ್ದವನು, “ಕೋಟೆ ಇಷ್ಟು ದುರ್ಬಲ ಅಂತ ನೀನು ಹೇಳಲೇ ಇಲ್ಲ” ಎಂದು ಕೈಯೆತ್ತಿದ. ಪ್ರಾಮಾಣಿಕತೆ ಎರಡೂ ಕಡೆಯವರಿಗೆ ಅನ್ವಯಿಸುತ್ತದೆ, ಇಷ್ಟನ್ನು ನೀನೇ ವಿಚಾರಿಸಿ ತಿಳಿಯಬಹುದಿತ್ತು ಎಂದು ನ್ಯಾಯಾಲಯ ಗವರ್ನರನ ಪರವಾಗಿ ನಿಂತಿತು. ಇಡೀ ಕೋಟೆಯ ಕ್ಲೇಮಿಗೇ ಆರು ವರ್ಷ ಹಿಡಿದಿರುವಾಗ ನನ್ನ ಬಂಪರಿಗೆ ಅವಸರವೇಕೆ ಎಂದು ಕಾದೆ.

ಸರ್ವೇಯರ್ ಬಂದರು. ಗಂಟುಮುಖ, ಕಂಕುಳಲ್ಲಿ ಫೈಲು. ಸರ್ವೇಯರ್ ಅಂದರೆ ನಮ್ಮ ಕ್ಲೇಮನ್ನು ಕತ್ತರಿಸಲೆಂದೇ ಬರುವವರು ಎಂದು ಎಲ್ಲರೂ ಹೆದರಿಸಿದ್ದರಿಂದ ನಾನು ಅಂಗಳದ ಮೂಲೆಯಲ್ಲಿ ಆರೋಪಿಯ ಹಾಗೆ ನಿಂತಿದ್ದೆ. ಅವರು ಮಂಡಿಯೂರಿ ಕುಳಿತು, ಕಿಸೆಯಿಂದ ಪುಟ್ಟ ಟಾರ್ಚ್ ತೆಗೆದು, ಒಂದು ಗೀರಿನ ಮೇಲೆ ಹೆಬ್ಬೆರಳು ಎಳೆದು ತೋರಿಸಿದರು. ಬೆರಳಿಗೆ ಕಪ್ಪು ಮೆತ್ತಿತ್ತು.

“ಇದು ಹಳೇದು. ಒಳಗೆ ಧೂಳು ಕೂತು ಗಟ್ಟಿಯಾಗಿದೆ. ಈ ಪಕ್ಕದ್ದು ನೋಡಿ, ಅಂಚು ಇನ್ನೂ ಹರಿತವಾಗಿದೆ, ಆ ಕಾರಿನ ಕೆಂಪು ಬಣ್ಣವೂ ಅಂಟಿದೆ. ಇದು ಹೊಸದು.”

ಹಳೆಯದರ ಬಗ್ಗೆ ನಾನು ಏನೂ ಕೇಳಿರಲಿಲ್ಲ, ಆದರೂ ಯಾಕೋ ನಾಚಿಕೆಯಾಯಿತು. ಆಮೇಲೆ ಅವರು ಬಂಪರಿನ ಹಿಂದಕ್ಕೆ ಕೈ ತೂರಿಸಿ ಏನನ್ನೋ ಅಲ್ಲಾಡಿಸಿದರು. “ಒಳಗಿನ ಬ್ರಾಕೆಟ್ ಮುರಿದಿದೆ. ಗ್ಯಾರೇಜಿನವರು ಎಸ್ಟಿಮೇಟಿನಲ್ಲಿ ಬರೆದೇ ಇಲ್ಲವಲ್ಲ. ಸೇರಿಸ್ತೀನಿ. ಇಲ್ದಿದ್ರೆ ಹೊಸ ಬಂಪರು ಹಾಕಿದ್ರೂ ಲೊಡಲೊಡ ಅನ್ನುತ್ತೆ.” ಕತ್ತರಿಸಲು ಬಂದವರು ಕೂಡಿಸಿ ಹೋದರು, ಅದೂ ಒಮ್ಮೆಯೂ ನಗದೆ.

ಹೊರಡುವಾಗ ನನ್ನ ಭಾವನ ಕಥೆ ಹೇಳಿದೆ. ಮಳೆಗಾಲದಲ್ಲಿ ಅವರ ಕಾರು ನಿಂತಲ್ಲೇ ಮುಳುಗಿತ್ತು. ನೀರಿಳಿದ ಮೇಲೆ ಭಾವ “ನೋಡೋಣ” ಎಂದು ಕೀ ತಿರುಗಿಸಿದರು, ಎಂಜಿನ್ ಕಟಕ್ಕೆಂದು ನಿಂತಿತು. ಕಂಪನಿ ಎಂಜಿನ್ನಿನ ಕ್ಲೇಮನ್ನು ತಳ್ಳಿಹಾಕಿತು. ಸರ್ವೇಯರ್ ತಲೆಯಾಡಿಸಿದರು. ಗಾಳಿಯನ್ನು ಅದುಮಬಹುದು, ನೀರನ್ನು ಅದುಮಲಾಗುವುದಿಲ್ಲ. ಸಿಲಿಂಡರಿನೊಳಗೆ ನೀರಿದ್ದಾಗ ಸ್ಟಾರ್ಟ್ ಮಾಡಿದರೆ ಪಿಸ್ಟನ್ನಿಗೆ ಹೋಗಲು ಜಾಗವಿಲ್ಲದೆ ಕನೆಕ್ಟಿಂಗ್ ರಾಡು ಬಾಗುತ್ತದೆ. ಆಗ ಕಂಪನಿಯವರು, ಪ್ರವಾಹ ಮಾಡಿದ ಹಾನಿ ಬೇರೆ, ನೀವು ಕೀ ತಿರುಗಿಸಿ ಮಾಡಿಕೊಂಡ ಹಾನಿ ಬೇರೆ ಎನ್ನುತ್ತಾರೆ. “ಎಂಜಿನ್ನಿಗೆ ಪ್ರತ್ಯೇಕ ಕವರ್ ಇಲ್ದಿದ್ರೆ ಎಷ್ಟೋ ಪಾಲಿಸಿಯಲ್ಲಿ ಹೀಗೇ. ಮುಟ್ಟದೆ ಟೋ ಮಾಡಿಸಿದ್ರೆ ಸಾಕಿತ್ತು” ಎಂದರು. ಭಾವನಿಗೆ ಇದನ್ನು ಹೇಳುವ ಧೈರ್ಯ ನನಗಿನ್ನೂ ಬಂದಿಲ್ಲ.

ಅದೇ ಭಾವ ಒಮ್ಮೆ ನಡುರಾತ್ರಿ ಹೆದ್ದಾರಿಯಲ್ಲಿ ಸಂಸಾರ ಸಮೇತ ಕೆಟ್ಟು ನಿಂತಾಗ, ಅದೇ ಕಂಪನಿಯ ಹುಡುಗನೊಬ್ಬ ಟೋ ವಾಹನ ಕಳಿಸಿ, ಅದು ತಲುಪುವವರೆಗೂ ಮತ್ತೆ ಮತ್ತೆ ಫೋನ್ ಮಾಡಿ “ದೀಪ ಹಾಕ್ಕೊಂಡಿರಿ, ಯಾರೂ ರಸ್ತೆ ಬದಿ ಇಳೀಬೇಡಿ” ಎನ್ನುತ್ತಿದ್ದನಂತೆ. ಎಂಜಿನ್ನಿನ ವಿಷಯ ಬಂದಾಗ ಭಾವ ಕಂಪನಿಯನ್ನು ಬೈಯುತ್ತಾರೆ, ಆ ಹುಡುಗನ ವಿಷಯ ಬಂದಾಗ ಹೊಗಳುತ್ತಾರೆ. ಎರಡೂ ಒಂದೇ ಕಂಪನಿ ಎಂದು ಅವರಿಗೆ ಒಪ್ಪಿಸುವುದು ಕಷ್ಟ.

ಇತ್ತ ರಾಯರು ಗಾಬರಿಯಾಗಿದ್ದರು. “ನನ್ನದರಲ್ಲಿ ಥರ್ಡ್ ಪಾರ್ಟಿ ಅಂತ ಇದೆಯಲ್ಲ, ಈ ಥರ್ಡ್ ಪಾರ್ಟಿ ಯಾರ್ರೀ?”

“ನಾನೇ ರಾಯರೇ.”

ಕಡ್ಡಾಯ ವಿಮೆ ಎಂಬುದು ಹುಟ್ಟಿದ್ದೇ ಈ ಮೂರನೆಯವನ ಸಲುವಾಗಿ. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ 1927ರಿಂದ ಇದು ಜಾರಿಗೆ ಬಂತು, ಬ್ರಿಟನ್ನಿನಲ್ಲಿ 1930ರ ಕಾಯ್ದೆ ತಂದಿತು. ಗುದ್ದಿದವನ ಹತ್ತಿರ ದುಡ್ಡಿಲ್ಲದೆ ಗುದ್ದಿಸಿಕೊಂಡವನು ಬೀದಿಗೆ ಬೀಳಬಾರದು ಎಂಬುದಷ್ಟೇ ಕಾನೂನಿನ ಕಾಳಜಿ, ಗುದ್ದಿದವನ ಹಿಂದಿನ ದೀಪ ಅದರ ಲೆಕ್ಕಕ್ಕಿಲ್ಲ. ಇದನ್ನು ಕೇಳಿ ರಾಯರಿಗೆ ಬೇಸರವಾಯಿತು. ದೀಪಕ್ಕೆ ತಮ್ಮ ಪಾಲಿಸಿಯಲ್ಲೇ ಕ್ಲೇಮು ಮಾಡಬೇಕು, ಮಾಡಿದರೆ ವರ್ಷಗಟ್ಟಲೆ ಸಾಕಿದ ಬೋನಸ್ಸು ಹೋಗುತ್ತದೆ.

ಅಷ್ಟರಲ್ಲಿ ನನ್ನ ಕ್ಲೇಮು ಮಂಜೂರಾಗಿ ಬಂತು. ಬಂಪರು ಪ್ಲಾಸ್ಟಿಕ್ಕಿನದು, ಪ್ಲಾಸ್ಟಿಕ್ಕಿಗೆ ವಯಸ್ಸಾಗಿದೆ ಎಂದು ಸವಕಳಿ ಕಡಿತ. ಹಳೆಯದು ಹೋಗಿ ಹೊಸದು ಬಂದರೆ ನಿಮಗೆ ಲಾಭವಾಗುತ್ತದಲ್ಲ, ವಿಮೆ ಇರುವುದು ನಷ್ಟ ತುಂಬುವುದಕ್ಕೆ ಎಂಬ ತರ್ಕ. ತರ್ಕ ಸರಿಯೇ, ಆದರೆ ಹಳೆಯ ಬಂಪರು ಯಾವ ಅಂಗಡಿಯಲ್ಲಿ ಸಿಗುತ್ತದೆ ಎಂದು ಅವರು ಹೇಳುವುದಿಲ್ಲ. ಅದರ ಮೇಲೆ ಪ್ರತಿ ಕ್ಲೇಮಿಗೂ ನಾವೇ ಹಾಕಬೇಕಾದ ಮೊದಲ ಪಾಲು ಬೇರೆ.

ಆ ಸಂಜೆ ರಾಯರು ಕ್ಯಾಲ್ಕುಲೇಟರ್ ಹಿಡಿದು ಬಂದರು. ನನ್ನ ಬೋನಸ್ಸು, ಅವರ ಬೋನಸ್ಸು, ಸವಕಳಿ, ಮೊದಲ ಪಾಲು ಎಲ್ಲವನ್ನೂ ಕೂಡಿ ಕಳೆದರು. ಇಬ್ಬರೂ ಕ್ಲೇಮು ಬಿಟ್ಟರೇ ಇಬ್ಬರಿಗೂ ಕಡಿಮೆ ನಷ್ಟ. ಬಂಪರಿನ ಖರ್ಚು, ಸರ್ವೇಯರ್ ಪತ್ತೆಹಚ್ಚಿದ ಬ್ರಾಕೆಟ್ ಸಮೇತ, ರಾಯರೇ ಕೊಟ್ಟರು. ನಾನು ಕ್ಲೇಮು ವಾಪಸ್ ತೆಗೆದುಕೊಂಡೆ. ತುಂಬುವುದಕ್ಕೆ ಅಷ್ಟು ಸತಾಯಿಸಿದ ಆ್ಯಪ್, ರದ್ದು ಮಾಡುವುದಕ್ಕೆ ಒಂದೇ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ಪಾಲಿಸಿ ನವೀಕರಣದ ಹೊತ್ತಿಗೆ ರಾಯರು ಫೋನ್ ಹಿಡಿದುಕೊಂಡು ರಸ್ತೆ ದಾಟಿ ಬಂದರು. ಅವರ ಕಂಪನಿಯಿಂದ ಸಂದೇಶ ಬಂದಿತ್ತು: ಮತ್ತೊಂದು ವರ್ಷ ಸುರಕ್ಷಿತವಾಗಿ ವಾಹನ ಚಲಾಯಿಸಿದ್ದಕ್ಕೆ ಅಭಿನಂದನೆಗಳು. “ನಮ್ಮನೆಯವಳು ನಂಬ್ತಿಲ್ಲ ಕಣ್ರೀ, ನೀವೊಂದು ಮಾತು ಹೇಳಿ” ಎಂದರು.