ಕಂಪ್ಯೂಟರಿಗೆ ಥಂಡಿ ಹಿಡಿದದ್ದು

2007ರ ಚಳಿಗಾಲದಲ್ಲಿ ಮೈಸೂರಿನ ನಮ್ಮ ಮನೆಯಲ್ಲಿ ಬೆಳಗ್ಗೆ ಏಳಲು ಒಪ್ಪದವರು ಇಬ್ಬರಿದ್ದೆವು. ನಾನು ಮತ್ತು ನನ್ನ ಕಂಪ್ಯೂಟರ್. ಬಟನ್ ಒತ್ತಿದರೆ ಫ್ಯಾನ್ ಅರ್ಧ ಸುತ್ತು ತಿರುಗಿ ನಿಲ್ಲುತ್ತಿತ್ತು. ಮಧ್ಯಾಹ್ನ ಬಿಸಿಲೇರಿದ ಮೇಲೆ ಒತ್ತಿದರೆ ಏನೂ ಆಗೇ ಇಲ್ಲವೆಂಬಂತೆ ಶುರುವಾಗುತ್ತಿತ್ತು.

“ಅದಕ್ಕೂ ಥಂಡಿ ಹಿಡಿದಿದೆ ಕಣೋ” ಅಂದರು ಅಮ್ಮ. ನಾನು ನಕ್ಕೆ. ಓದಿದವನು, ಅಲ್ವಾ?

ಮೊದಲ ಗುಮಾನಿ ಎಸ್‌ಎಂಪಿಎಸ್ ಮೇಲೆ, ಅಂದರೆ ಕಂಪ್ಯೂಟರಿನೊಳಗೆ ಎಲ್ಲಕ್ಕೂ ಕರೆಂಟ್ ಹಂಚುವ ಡಬ್ಬಿಯ ಮೇಲೆ. 24 ಪಿನ್ನಿನ ಕನೆಕ್ಟರ್ ಬಿಡಿಸಿ, ಅದೊಂದೇ ಶುರುವಾಗಲೆಂದು ಹಸಿರು ವೈರಿಗೂ ಕಪ್ಪು ವೈರಿಗೂ ಪೇಪರ್ ಕ್ಲಿಪ್ ಸಿಕ್ಕಿಸಿ ಕರೆಂಟ್ ಕೊಟ್ಟೆ. ಅದರ ಫ್ಯಾನ್ ಸರಾಗ ತಿರುಗಿತು. ಮಲ್ಟಿಮೀಟರ್ ಹಿಡಿದರೆ ಹಳದಿಯಲ್ಲಿ 12 ವೋಲ್ಟ್, ಕೆಂಪಿನಲ್ಲಿ 5, ಕಿತ್ತಳೆಯಲ್ಲಿ 3.3. ಪಾಪ, ಅದು ನಿರಪರಾಧಿ. ರ‍್ಯಾಮ್ ಎಂಬ ಮೆಮೊರಿ ಪಟ್ಟಿ ಕಿತ್ತು ಅದರ ಚಿನ್ನದ ಹಲ್ಲುಗಳನ್ನು ತಂಗಿಯ ರಬ್ಬರಿನಿಂದ ಉಜ್ಜಿದೆ. ಹಲ್ಲು ಹೊಳೆಯಿತು, ಅಷ್ಟೇ. ಬಟನ್ ಸೆಲ್ ಬದಲಾಯಿಸಿದೆ. ಕ್ಯಾಬಿನೆಟ್ ಮುಟ್ಟಿದರೆ ಬೆರಳು ಜುಮ್ ಅನ್ನುತ್ತಿತ್ತಲ್ಲ, ಅದೇ ಕಾರಣವಿರಬೇಕೆಂದು ಸ್ವಿಚ್‌ಬೋರ್ಡನ್ನೂ ಬಿಚ್ಚಿದೆ. ಅರ್ಥಿಂಗ್ ತೂತಿನ ಹಿಂದೆ ವೈರೇ ಇರಲಿಲ್ಲ! ಮನೆ ಕಟ್ಟಿದಾಗಿನಿಂದ ಅದು ಸುಮ್ನೆ ಅಲಂಕಾರಕ್ಕಿತ್ತು. ಎಲೆಕ್ಟ್ರಿಷಿಯನ್ ಕರೆಸಿ ವೈರ್ ಎಳೆಸಿದೆ. ಜುಮ್ ನಿಂತಿತು. ಕಂಪ್ಯೂಟರ್ ಏಳಲಿಲ್ಲ.

ಕೊನೆಗೆ ಒಂದು ಬೆಳಗ್ಗೆ, ಯಾರೂ ನೋಡುತ್ತಿಲ್ಲವೆಂದುಕೊಂಡು, ತಂಗಿಯ ಹೇರ್ ಡ್ರೈಯರ್ ತಂದು ಕಂಪ್ಯೂಟರಿನ ಮುಖ್ಯ ಬೋರ್ಡಾದ ಮದರ್‌ಬೋರ್ಡಿಗೆ ಎರಡು ನಿಮಿಷ ಬಿಸಿಗಾಳಿ ಬಿಟ್ಟೆ. ಬಟನ್ ಒತ್ತಿದೆ. ಎದ್ದಿತು! ಹಿಂತಿರುಗಿದರೆ ಬಾಗಿಲಲ್ಲಿ ಅಮ್ಮ. ಒಂದು ಮಾತೂ ಆಡದೆ ಅಡುಗೆಮನೆಗೆ ಹೋದರು. ಎರಡು ಬೈದಿದ್ದರೆ ಚೆನ್ನಾಗಿತ್ತು.

ಆಮೇಲೆ ಟಾರ್ಚ್ ಹಿಡಿದು ನೋಡಿದೆ. ಪ್ರೊಸೆಸರ್ ಪಕ್ಕ ಐದು ಕೆಪಾಸಿಟರ್, ಅಂದರೆ ವಿದ್ಯುತ್ತನ್ನು ಸ್ವಲ್ಪ ಹೊತ್ತು ಹಿಡಿದಿಟ್ಟು ಕೊಡುವ ಪುಟ್ಟ ಡಬ್ಬಿಗಳು, ಸಾಲಾಗಿ ನಿಂತಿದ್ದವು. ತಲೆ ಚಪ್ಪಟೆ ಇರಬೇಕು. ಮೂರರದ್ದು ಪೂರಿಯಂತೆ ಉಬ್ಬಿತ್ತು, ಒಂದರ ನೆತ್ತಿಯಲ್ಲಿ ಕಂದು ಅಂಟು. ಆ ಕಾಲದ ಎಷ್ಟೋ ಬೋರ್ಡುಗಳಿಗೆ ಇದೇ ರೋಗ. ಒಳಗಿನ ದ್ರವ ಕೆಟ್ಟು ಗ್ಯಾಸ್ ತುಂಬಿ ಹೀಗೆ ಉಬ್ಬುತ್ತವೆ. ಕೆಟ್ಟ ಕೆಪಾಸಿಟರಿಗೆ ಚಳಿಯಲ್ಲಿ ಒಳಗಿನ ತಡೆ ಇನ್ನೂ ಜಾಸ್ತಿಯಾಗುತ್ತದೆ, ಬಿಸಿ ತಾಗಿದರೆ ಸ್ವಲ್ಪ ಸುಧಾರಿಸಿಕೊಳ್ಳುತ್ತದೆ. ಅಂದರೆ ಥಂಡಿಯೇ.

ಹೊಸ ಕೆಪಾಸಿಟರ್ ತರಲು ಎಲೆಕ್ಟ್ರಾನಿಕ್ಸ್ ಅಂಗಡಿಗಳ ಬೀದಿಯಾದ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದೆ. 1500 ಮೈಕ್ರೋಫ್ಯಾರಡ್, 6.3 ವೋಲ್ಟ್.

“ಎಷ್ಟು ಬೇಕು ಸಾರ್?”

“ಐದು.”

“ಐದು ಸಾವಿರಾನಾ?”

“ಐದೇ ಐದು.”

ಅಂಗಡಿಯವರು ನನ್ನನ್ನು ಮೇಲಿಂದ ಕೆಳಗೆ ನೋಡಿ, ಹಳೇ ಪೇಪರಿನಲ್ಲಿ ಪೊಟ್ಟಣ ಕಟ್ಟಿ ಕೊಟ್ಟರು. ಬಸ್ ಚಾರ್ಜಿನ ಲೆಕ್ಕ ಮನೆಯಲ್ಲಿ ಹೇಳಲಿಲ್ಲ.

ನನ್ನ 25 ವ್ಯಾಟ್ ಸೋಲ್ಡರಿಂಗ್ ಐರನ್ನಿಗೆ ಹಳೆಯದನ್ನು ಕೀಳಲು ಆಗಲೇ ಇಲ್ಲ. ಊಟದ ಮೇಜಿನ ಪ್ಲಾಸ್ಟಿಕ್ ಹೊದಿಕೆ ಮಾತ್ರ ತಕ್ಷಣ ಕರಗಿತು. ಹಿಂದೆ ರೇಡಿಯೋ ರಿಪೇರಿ ಮಾಡುತ್ತಿದ್ದ ಎದುರುಮನೆ ರಾಯರು 60 ವ್ಯಾಟಿನದ್ದು ಹಿಡಿದು ಬಂದರು. “ಬೋರ್ಡಿನ ಒಳಗೆ ಪದರ ಪದರ ತಾಮ್ರ ಇರುತ್ತಪ್ಪ. ಕಾವನ್ನೆಲ್ಲ ಅದೇ ಕುಡಿದುಬಿಡುತ್ತೆ” ಅಂದು ಹತ್ತು ನಿಮಿಷದಲ್ಲಿ ಐದನ್ನೂ ಕಿತ್ತರು. ಹೊಸದನ್ನು ನಾನೇ ಕೂರಿಸುತ್ತೇನೆಂದು ಹಟ ಹಿಡಿದೆ. ಕೂರಿಸಿದೆ. ಪ್ಲಗ್ ಹಾಕಲು ಹೋದಾಗ ರಾಯರು ಕೈ ಹಿಡಿದರು.

“ಪಟ್ಟಿ ಇರೋ ಕಡೆ ಮೈನಸ್ ಅಲ್ವೇನಪ್ಪ? ಮೂರನೆಯದನ್ನ ಉಲ್ಟಾ ಹಾಕಿದ್ದೀಯ. ಕರೆಂಟ್ ಕೊಟ್ಟಿದ್ರೆ ಇವತ್ತೇ ದೀಪಾವಳಿ.”

ಮರುದಿನ ಬೆಳಗ್ಗೆ ಆರು ಗಂಟೆಗೆ ಒಂದೇ ಒತ್ತಿಗೆ ಕಂಪ್ಯೂಟರ್ ಎದ್ದಿತು. ಕೆಪಾಸಿಟರ್ ಬದಲಾಯಿಸಿದ ಕಥೆಯನ್ನು ಅಮ್ಮನಿಗೆ ಚಿತ್ರ ಬರೆದು ವಿವರಿಸಿದೆ. ಪೂರ್ತಿ ಕೇಳಿಸಿಕೊಂಡರು. ಅವತ್ತು ರಾತ್ರಿ ನೀರು ಕುಡಿಯಲು ಎದ್ದು ನೋಡಿದರೆ, ಕ್ಯಾಬಿನೆಟ್ ಮೇಲೆ ಅಪ್ಪನ ಹಳೇ ಶಾಲು ಹೊದಿಸಿತ್ತು.