ಎಂಜಿನ್ನಿಗೆ ಹೆಪ್ಪು ಹಾಕಿದ ಕಥೆ

ನಮ್ಮ ಮಾರುತಿ 800 ಕಾರಿನ ಎಂಜಿನ್ 'ಬೋರಿಗೆ ಬಂದಿದೆ' ಎಂದು ಗ್ಯಾರೇಜಿನ ಮೇಸ್ತ್ರಿ ಹೇಳಿದ ಮಾತನ್ನು ನಾನು ಮನೆಯಲ್ಲಿ ಹೇಳಿದಾಗ ಒಬ್ಬೊಬ್ಬರಿಗೆ ಒಂದೊಂದು ಅರ್ಥವಾಯಿತು. ಅತ್ತೆಯವರು ಕೊನೆಗೂ ಹಿತ್ತಲಿನಲ್ಲಿ ಕೊಳವೆಬಾವಿ ತೆಗೆಸುತ್ತಾರೆಂದು ಹಿಗ್ಗಿದರು. ಮಗಳು, ಆ ಕಾರು ತನಗೆ ಬೋರಾಗಿ ಎಷ್ಟೋ ವರ್ಷವಾಯಿತು ಎಂದಳು. ಸಿಲಿಂಡರುಗಳು ಸವೆದಿವೆ, ಕೊರೆಸಿ ದಪ್ಪ ಪಿಸ್ಟನ್ ಹಾಕಿಸಬೇಕು ಎಂಬ ಸರಿಯಾದ ಅರ್ಥ ಹೊಳೆದದ್ದು ಹೆಂಡತಿಗೆ ಮಾತ್ರ. ಅವಳು "ಎಷ್ಟಾಗುತ್ತದೆ?" ಎಂದಳು.

ಹೇಗೂ ಎಂಜಿನ್ ಬಿಚ್ಚುತ್ತಾರಲ್ಲ, ಗಾಳಿಯನ್ನು ಒತ್ತಿ ತುಂಬಿ ಬಲ ಹೆಚ್ಚಿಸುವ ಟರ್ಬೊ ಒಂದನ್ನು ಕೂರಿಸಿಬಿಡೋಣ ಎಂದೆ ನಾನು.

ಈ ಆಸೆಯ ಹಿಂದೆ ಒಂದು ಅವಮಾನವಿತ್ತು. 796 ಸಿ.ಸಿ.ಯ, ಮೂರು ಸಿಲಿಂಡರಿನ, ನಲವತ್ತು ಅಶ್ವಶಕ್ತಿಯನ್ನೂ ಮುಟ್ಟದ ನಮ್ಮ ಕಾರು ಆಷಾಢ ಶುಕ್ರವಾರದ ಹಿಂದಿನ ದಿನ ಚಾಮುಂಡಿ ಬೆಟ್ಟವನ್ನು ಎರಡನೇ ಗೇರಿನಲ್ಲಿ ಏದುಸಿರು ಬಿಡುತ್ತ ಹತ್ತುತ್ತಿತ್ತು. ಆಗ ಗ್ಯಾಸ್ ಸಿಲಿಂಡರನ್ನು ಕಾಲಿನ ನಡುವೆ ಇಟ್ಟುಕೊಂಡ ಒಬ್ಬ ಸ್ಕೂಟರಿನವನು ನಮ್ಮನ್ನು ಹಿಂದೆ ಹಾಕಿದ. ಹಾಕಿ ಸುಮ್ಮನೆ ಹೋಗಲಿಲ್ಲ. ತಿರುಗಿ ನೋಡಿ, ಏನಾದರೂ ತೊಂದರೆಯೇ ಎಂದು ಕೈಸನ್ನೆ ಮಾಡಿ ಕೇಳಿದ. ಆ ಸೌಜನ್ಯವನ್ನು ನಾನು ಇಂದಿಗೂ ಕ್ಷಮಿಸಿಲ್ಲ.

ಭಾವಮೈದ ಬಂದು ನನ್ನ ಗಾಯಕ್ಕೆ ಗಾಳಿ ಹಾಕಿದ. ಅವನು ಇಂಥದ್ದನ್ನೆಲ್ಲ ಓದಿಕೊಂಡವನು. 1983ರಲ್ಲಿ ನೆಲ್ಸನ್ ಪಿಕೆ ಫಾರ್ಮುಲಾ ಒನ್ ಚಾಂಪಿಯನ್ ಆದದ್ದು ಬಿಎಂಡಬ್ಲ್ಯೂ ಟರ್ಬೊ ಎಂಜಿನ್ನಿನಲ್ಲಿ. ಅದರ ಅಳತೆ ಬರೀ ಒಂದೂವರೆ ಲೀಟರು, ಬ್ಲಾಕು, ಅಂದರೆ ಸಿಲಿಂಡರುಗಳನ್ನು ಹೊತ್ತ ಒಡಲು, ರಸ್ತೆಯ ಮೇಲೆ ಓಡಾಡುವ ಸಾಧಾರಣ ಕಾರಿನ ಎರಕದ ಬ್ಲಾಕಿನದೇ ವಂಶ ಎಂದ. ಮೊದಲ ಮಾರುತಿ 800 ಗಿರಾಕಿಯ ಕೈಸೇರಿದ್ದೂ ಅದೇ 1983ರ ಡಿಸೆಂಬರಿನಲ್ಲಿ. ಇದಕ್ಕಿಂತ ದೊಡ್ಡ ಶಕುನ ಬೇಕೆ? ಹಳೆಯ, ಸವೆದ ಬ್ಲಾಕುಗಳೇ ಹದವಾಗಿ ಪಳಗಿರುತ್ತವೆಂದು ಆ ಜರ್ಮನರು ಅವನ್ನೇ ಆರಿಸಿಕೊಂಡು, ಅಂಗಳದಲ್ಲಿ ಬಿಸಿಲು ಮಳೆಗೆ ಒಡ್ಡಿ, ಕೆಲಸಗಾರರು ಅವುಗಳ ಮೇಲೆ ಜಲಬಾಧೆಯನ್ನೂ ತೀರಿಸಿಕೊಳ್ಳುತ್ತಿದ್ದರೆಂಬ ದಂತಕಥೆಯನ್ನೂ ಹೇಳಿದ. ಅಡುಗೆಮನೆಯಿಂದ ಹೆಂಡತಿಯ ದನಿ ಬಂತು: "ರೀ, ಆ ಪ್ರಯೋಗ ನಮ್ಮ ಕಾಂಪೌಂಡಿನೊಳಗೆ ನಡೆಯಕೂಡದು."

ಗುಜರಿಯಲ್ಲಿ ಹಳೆಯ ಡೀಸೆಲ್ ಕಾರಿನ ಟರ್ಬೊ ಒಂದು ಸಿಕ್ಕಿತು. ನೋಡಲು ಥೇಟ್ ಬಸವನಹುಳು. ಹೊಗೆಯ ರಭಸಕ್ಕೆ ಇದರೊಳಗಿನ ಚಕ್ರ ನಿಮಿಷಕ್ಕೆ ಒಂದು ಲಕ್ಷಕ್ಕೂ ಮೀರಿ ಸುತ್ತಿ ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುತ್ತದೆ. ತೊಡಕು ಏನೆಂದರೆ, ಕೊರೆಸಿದ ಸಿಲಿಂಡರಿನ ಗೋಡೆ ಮೊದಲಿಗಿಂತ ತೆಳುವಾಗಿರುತ್ತದೆ. ಅದರೊಳಗೆ ಎಂದಿಗಿಂತ ದೊಡ್ಡ ಸ್ಫೋಟ ನಡೆದರೆ ಗೋಡೆ ನಡುಗುತ್ತದೆ, ಬ್ಲಾಕಿಗೂ ಅದರ ಮುಚ್ಚಳವಾದ ಹೆಡ್ಡಿಗೂ ನಡುವಿನ ಗ್ಯಾಸ್ಕೆಟ್ ಹಾರುತ್ತದೆ, ಗೋಡೆಯೇ ಸೀಳಿದರೂ ಸೀಳಿತು. ಡ್ರ್ಯಾಗ್ ರೇಸಿನವರು ಇದಕ್ಕೆ ಕಂಡುಕೊಂಡ ಉಪಾಯವೆಂದರೆ, ಸಿಲಿಂಡರುಗಳ ಸುತ್ತ ನೀರು ಓಡಾಡುವ ಟೊಳ್ಳಿಗೆ ಕಬ್ಬಿಣದ ಪುಡಿ ಬೆರೆಸಿದ ಸಿಮೆಂಟನ್ನೋ ಎಪಾಕ್ಸಿ ಎಂಬ ಅಂಟನ್ನೋ ಸುರಿದು ಗಟ್ಟಿ ಮಾಡಿಬಿಡುವುದು. ಅವರ ಓಟ ಕೆಲವು ಸೆಕೆಂಡುಗಳಲ್ಲಿ ಮುಗಿಯುವುದರಿಂದ ಕಂಠದವರೆಗೆ ತುಂಬಿದರೂ ನಡೆಯುತ್ತದೆ. ರಸ್ತೆಯ ಕಾರಿಗಾದರೆ ಕೆಳಗಿನ ಅರ್ಧ ಮಾತ್ರ. ಬೆಂಕಿ ಉರಿಯುವ ಮೇಲಿನ ಭಾಗಕ್ಕೆ ನೀರು ಬೇಕೇ ಬೇಕು.

ಮೇಸ್ತ್ರಿಗೆ ಇದನ್ನೆಲ್ಲ ವಿವರಿಸಿದೆ. ಅವರು ಬೀಡಿ ಆರಿಸಿ, "ಸ್ವಾಮಿ, ನೀರು ಓಡಾಡುವ ದಾರಿಗೆ ಅಂಟು ಸುರಿಯುವುದನ್ನು ನಾನು ಮಾಡುವುದಿಲ್ಲ. ನೀವು ಸುರಿದು ತಂದರೆ ಕೊರೆಸಿ ಜೋಡಿಸಿ ಕೊಡುತ್ತೇನೆ" ಎಂದರು. ವಕೀಲನಾದ ಗೆಳೆಯನೊಬ್ಬ ಮೋಟಾರು ವಾಹನ ಕಾಯ್ದೆಯ 52ನೇ ಕಲಮನ್ನು ನೆನಪಿಸಿ, ತಯಾರಕರು ಕೊಟ್ಟ ಗಾಡಿಯನ್ನು ಹೀಗೆಲ್ಲ ಬದಲಿಸುವಂತಿಲ್ಲ ಎಂದ. ಅವನನ್ನು ಆ ತಿಂಗಳು ಮನೆಗೆ ಕರೆಯಲಿಲ್ಲ.

ಬ್ಲಾಕು ಆಟೊದಲ್ಲಿ ಮನೆಗೆ ಬಂತು. ಶಾಖ ತಡೆಯುವ ಎಪಾಕ್ಸಿಯ ಬೆಲೆ ಕೇಳಿದ ಮೇಲೆ, ನೀರಿನ ಟ್ಯಾಂಕಿನ ಬಿರುಕು ಮುಚ್ಚುವ ಅಗ್ಗದ ಎಪಾಕ್ಸಿಯನ್ನೇ ತಂದೆ. ಎರಡೂ ಅಂಟೇ ತಾನೆ? ಲೇತ್ ಅಂಗಡಿಯಿಂದ ಕಬ್ಬಿಣದ ಪುಡಿ ಬಿಟ್ಟಿಯಾಗಿ ಸಿಕ್ಕಿತು. ರೆಸಿನ್ ಎಂದರೆ ಹಾಲು, ಹಾರ್ಡನರ್ ಎಂದರೆ ಹೆಪ್ಪು ಎಂದು ಮನಸ್ಸಿಗೆ ಹೇಳಿಕೊಂಡು, ಹೆಂಡತಿ ಮಧ್ಯಾಹ್ನದ ನಿದ್ದೆಯಲ್ಲಿದ್ದಾಗ ಅವಳ ಮುಳ್ಳಿನ ತಕ್ಕಡಿಯನ್ನೂ ಸಾಂಬಾರಿನ ಸೌಟನ್ನೂ ಎತ್ತಿಕೊಂಡು ಜಗುಲಿಗೆ ಬಂದೆ.

ಹಾಲಿಗೂ ಎಪಾಕ್ಸಿಗೂ ಒಂದು ವ್ಯತ್ಯಾಸವಿದೆ. ಹಾಲು ಹೆಪ್ಪಾಗುವಾಗ ತಾನಾಗಿ ಬಿಸಿಯಾಗುವುದಿಲ್ಲ. ಎಪಾಕ್ಸಿ ಆಗುತ್ತದೆ, ಒಂದೇ ಪಾತ್ರೆಯಲ್ಲಿ ಹೆಚ್ಚು ಕಲಸಿದಷ್ಟೂ ಹೆಚ್ಚು ಬಿಸಿಯಾಗುತ್ತದೆ, ಬಿಸಿಯಾದಷ್ಟೂ ಬೇಗ ಗಟ್ಟಿಯಾಗುತ್ತದೆ. ಸ್ವಲ್ಪ ಸ್ವಲ್ಪವೇ ಕಲಸಬೇಕೆಂದು ಡಬ್ಬಿಯ ಮೇಲೆ ಬರೆದಿತ್ತಂತೆ. ನಾನು ಇಡ್ಲಿ ಹಿಟ್ಟು ಕಲಸುವವರ ಹಾಗೆ ಎಲ್ಲವನ್ನೂ ಒಂದೇ ಪ್ಲಾಸ್ಟಿಕ್ ಬೋಗುಣಿಯಲ್ಲಿ, ತಕ್ಕಡಿಯ ಮೇಲೆಯೇ ಇಟ್ಟು ಕಲಸಿದೆ. ಐದು ನಿಮಿಷಕ್ಕೆ ಬೋಗುಣಿ ಬೆಚ್ಚಗಾಯಿತು. ಹತ್ತು ನಿಮಿಷಕ್ಕೆ ಮುಟ್ಟಲಾಗಲಿಲ್ಲ. ಸಣ್ಣಗೆ ಹೊಗೆ ಎದ್ದಾಗ ಗಾಬರಿಯಾಗಿ, ಅರ್ಧಕ್ಕೆಂದು ಚಾಕ್‌ಪೀಸಿನಲ್ಲಿ ಎಳೆದಿದ್ದ ಗೆರೆಯನ್ನು ನೋಡದೆ ಬ್ಲಾಕಿಗೆ ಗಬಗಬನೆ ಸುರಿದೆ. ಉಳಿದದ್ದು ಬೋಗುಣಿಯ ತಳ ಕರಗಿ ತಕ್ಕಡಿಯ ಸಂದಿಗೆ ಇಳಿಯಿತು. ಸೌಟು ಅದರ ನಡುವೆ ಧ್ವಜಸ್ತಂಭದ ಹಾಗೆ ನೆಟ್ಟಗೆ ನಿಂತಿತು. ತಕ್ಕಡಿಯ ಮುಳ್ಳು ಒಂದು ಕಿಲೋ ಮುನ್ನೂರು ಗ್ರಾಮಿನಲ್ಲಿ ನಿಂತದ್ದು ಆಮೇಲೆ ಅಲುಗಲಿಲ್ಲ. ಆ ವಾರ ನಮ್ಮ ಮನೆಯಲ್ಲಿ ತೊಗರಿಬೇಳೆ, ಈರುಳ್ಳಿ, ಒಂದು ಹಿಡಿ ಕೊತ್ತಂಬರಿ, ಎಲ್ಲದರ ತೂಕವೂ ಒಂದು ಕಿಲೋ ಮುನ್ನೂರು ಗ್ರಾಮು.

ಮೇಸ್ತ್ರಿ ಬ್ಲಾಕಿನೊಳಗೆ ಟಾರ್ಚು ಬಿಟ್ಟು ಬಹಳ ಹೊತ್ತು ನೋಡಿದರು. ಮಾತಾಡಲಿಲ್ಲ. ಕೊರೆಸಿ, ಪಿಸ್ಟನ್ ಹಾಕಿ, ಜೋಡಿಸಿ ಬಿಲ್ಲು ಕೊಟ್ಟರು. ಆ ಬಿಲ್ಲು ನೋಡಿದ ಮೇಲೆ ಟರ್ಬೊ ಕೂರಿಸುವ ಮಾತನ್ನು ನಾನೇ ಎತ್ತಲಿಲ್ಲ. ಅದಕ್ಕೆ ಬೇಕಾದ ಕೊಳವೆ, ಎಣ್ಣೆಯ ದಾರಿ, ಪೆಟ್ರೋಲಿನ ಹೊಸ ಏರ್ಪಾಡು ಎಲ್ಲ ಸೇರಿದರೆ ಇನ್ನೊಂದು ಹಳೆಯ ಕಾರೇ ಬರುತ್ತಿತ್ತು. ಹೀಗಾಗಿ ಟರ್ಬೊ ತಡೆಯಲೆಂದು ಕೋಟೆ ಕಟ್ಟಿಸಿಕೊಂಡ ಎಂಜಿನ್ ಟರ್ಬೊ ಇಲ್ಲದೆಯೇ ಕಾರಿಗೇರಿತು. ಟರ್ಬೊ ಷೋಕೇಸಿಗೇರಿತು. ಹೆಂಡತಿಯ ಚಿಕ್ಕಮ್ಮ ಅದನ್ನು ನೋಡಿ, ಶಂಖ ರಾಮೇಶ್ವರದಿಂದ ತಂದದ್ದೇ ಎಂದು ಕೇಳಿದರು. ಹೌದೆಂದೆ.

ಮುಂದಿನ ಭಾನುವಾರ ಮತ್ತೆ ಬೆಟ್ಟ. ಹಿಂದಿನ ಸೀಟಿನಲ್ಲಿ ಅತ್ತೆ, ಮಗಳು, ತೆಂಗಿನಕಾಯಿಯ ಬುಟ್ಟಿ. ಅರ್ಧ ದಾರಿಗೆ ಶಾಖದ ಮುಳ್ಳು ಏರತೊಡಗಿತು. ಆ ಮನೆಯ ತಕ್ಕಡಿಯ ಮುಳ್ಳು ಅಲುಗದು, ಈ ಮುಳ್ಳು ನಿಲ್ಲದು. ಅಗ್ಗದ ಎಪಾಕ್ಸಿ ಐವತ್ತು ಅರವತ್ತು ಡಿಗ್ರಿಗೇ ಮೆತ್ತಗಾಗುತ್ತದೆ, ಎಂಜಿನ್ನಿನ ನೀರು ತೊಂಬತ್ತರ ಆಸುಪಾಸಿನಲ್ಲಿರುತ್ತದೆ ಎಂಬ ಲೆಕ್ಕ ಆಗ ತಿಳಿಯಿತು. ಬಿಸಿಗೆ ಅದು ಕಬ್ಬಿಣದ ನಾಲ್ಕೈದು ಪಾಲು ಹಿಗ್ಗುತ್ತದಂತೆ. ಆರಿದಾಗ ಅಷ್ಟೇ ಕುಗ್ಗಿ ಗೋಡೆಯನ್ನು ಬಿಟ್ಟು ಬರುತ್ತದಂತೆ. ವಾರವಿಡೀ ಊರೊಳಗೆ ಓಡಾಡಿ ಹೀಗೆ ಬಿಟ್ಟುಬಂದ ಚೂರುಗಳು ಕಡಲೆಮಿಠಾಯಿಯ ಹಾಗೆ ರೇಡಿಯೇಟರಿನಲ್ಲಿ ಕೂತಿದ್ದವು.

ನಂದಿಯ ಮುಂದೆ ಕಾರು ಒಂದು ಸಲ ಗೊರಕೆ ಹೊಡೆದು ನಿಂತಿತು. ಬಾನೆಟ್ಟಿನಿಂದ ಎದ್ದ ಹಬೆಗೆ ಒಂದಿಬ್ಬರು ಮಂಗಳಾರತಿಯೆಂದುಕೊಂಡು ಕೈಮುಗಿದರೋ ಏನೋ. ಹದಿನೇಳನೇ ಶತಮಾನದಲ್ಲಿ ದೊಡ್ಡ ದೇವರಾಜ ಒಡೆಯರು ಒಂದೇ ಬಂಡೆಯಲ್ಲಿ ಕಡೆಸಿದ ಆ ಬಸವಣ್ಣ, ಯಾವ ಅಂಟೂ ಇಲ್ಲದೆ, ನನ್ನ ಬ್ಲಾಕನ್ನು ಅರೆಗಣ್ಣಿನಲ್ಲಿ ನೋಡುತ್ತಿದ್ದ. ಅತ್ತೆಯವರು ಇಳಿದು, "ಬೋರಿನಲ್ಲಿ ನೀರು ಬಂತಲ್ಲ" ಎಂದರು.

ಮೂರನೇ ಪಿಸ್ಟನ್ ಕಚ್ಚಿಕೊಂಡಿತ್ತು, ಹೆಡ್ ಸೊಟ್ಟಗಾಗಿತ್ತು. ಮೇಸ್ತ್ರಿ ಬೇರೆ ಎಂಜಿನ್ ಕೂರಿಸಿದರು. ಹಳೆಯ ಬ್ಲಾಕು ಗುಜರಿಯವನ ಪಾಲಾಯಿತು. ಅವನು ಸುತ್ತಿಗೆಯಿಂದ ತಟ್ಟಿದ, ಬಗ್ಗಿ ಒಳಗೆ ನೋಡಿದ. "ಕಬ್ಬಿಣಕ್ಕೆ ಮಾತ್ರ ದುಡ್ಡು ಸಾರ್. ಒಳಗೆ ಎಷ್ಟು ಸುರಿದಿದ್ದೀರಿ ಹೇಳಿ, ಕಳೆದುಬಿಡುತ್ತೇನೆ" ಎಂದ.

ನಾನು ಬಾಯಿ ತೆರೆಯುವ ಮೊದಲೇ ಹೆಂಡತಿ ಒಳಗಿನಿಂದ ತಕ್ಕಡಿಯನ್ನು ಸೌಟಿನ ಸಮೇತ ತಂದು ಅವನ ಮುಂದಿಟ್ಟಳು. ಅವನು ಮುಳ್ಳನ್ನು ಓದಿದ, ಒಂದು ಕಿಲೋ ಮುನ್ನೂರು ಗ್ರಾಮು ಕಳೆದ. ಆಮೇಲೆ ಅದನ್ನೂ ಎತ್ತಿ ತನ್ನ ತಕ್ಕಡಿಗೆ ಹಾಕಿಕೊಂಡ.