ನನ್ನ ದೌರ್ಬಲ್ಯ ಏನಂದ್ರೆ, ಕೆಲಸ ಜಾಸ್ತಿ ಮಾಡ್ತೀನಿ

ಮೈಸೂರು ಸೀಮೆಯ ಹುಡುಗ ಹುಡುಗಿಯರಿಗೆ ಇರುವುದು ಒಂದೇ ದೌರ್ಬಲ್ಯ. ಅವರು ಕೆಲಸ ಜಾಸ್ತಿ ಮಾಡುತ್ತಾರೆ. ಹಿಡಿದ ಕೆಲಸ ಸರಿಯಾಗುವ ತನಕ ಊಟ ಬಿಡುತ್ತಾರೆ, ನಿದ್ದೆ ಬಿಡುತ್ತಾರೆ. ಅವರ ಅಮ್ಮಂದಿರು ಇದನ್ನು ಒಪ್ಪುವುದಿಲ್ಲ. ತಿಂದ ತಟ್ಟೆ ಎತ್ತಿಡು ಅಂತ ಹೇಳಿ ಹೇಳಿ ಗಂಟಲು ಕಟ್ಟಿದೆ ಅನ್ನುತ್ತಾರೆ. ಆದರೆ ರೆಸ್ಯೂಮೆಯಲ್ಲಿ ರೆಫರೆನ್ಸ್ ಅಂತ ಅಮ್ಮನ ಫೋನ್ ನಂಬರು ಯಾವ ಕಂಪನಿಯೂ ಕೇಳುವುದಿಲ್ಲವಲ್ಲ, ಸದ್ಯ.

ಕೆಲಸದ ಸಂದರ್ಶನದಲ್ಲಿ 'ನಿಮ್ಮ ದೌರ್ಬಲ್ಯ ಏನು?' ಅಂತ ಕೇಳಿದರೆ ಹೀಗೇ ಹೇಳಬೇಕು ಅಂತ ಮೈಸೂರಿನ ಸರಸ್ವತಿಪುರಂನಿಂದ ವಿಜಯನಗರದವರೆಗೆ ದುಡ್ಡು ತೆಗೆದುಕೊಂಡು ಹೇಳಿಕೊಡುತ್ತಾರೆ. ಕೇಳುವ ಎಚ್‌ಆರ್ ಮೇಡಂ ಕೂಡ ಕೆಲವು ವರ್ಷದ ಹಿಂದೆ ಇಂಥದೇ ಕ್ಲಾಸಿನಲ್ಲಿ ಕೂತು, ಇದನ್ನೇ ಉರು ಹೊಡೆದು ಪಾಸಾದವರು. ಹಾಗಾಗಿ ಉತ್ತರ ಅವರಿಗೆ ಗೊತ್ತು. ಅವರಿಗೆ ಗೊತ್ತಿದೆ ಅನ್ನುವುದು ಹುಡುಗನಿಗೂ ಗೊತ್ತು. ಆದರೂ ಮೇಡಂ ಗಂಭೀರವಾಗಿ ತಲೆಯಾಡಿಸಿ ಏನೋ ಬರೆದುಕೊಳ್ಳುತ್ತಾರೆ. ಸಂಜೆ ಮನೆಗೆ ಒಯ್ಯಬೇಕಾದ ತರಕಾರಿಯ ಪಟ್ಟಿ ಇರಬಹುದು ಅಂತ ನನ್ನ ಗುಮಾನಿ.

ತಯಾರಿ ಶುರುವಾಗುವುದು ಫೋಟೋದಿಂದ. ಸ್ಟುಡಿಯೋದವರು ಹುಡುಗನನ್ನು ಅಂಗಿಯಲ್ಲೇ ಕೂರಿಸಿ ಫೋಟೋ ತೆಗೆದು, ಆಮೇಲೆ ಕಂಪ್ಯೂಟರಿನಲ್ಲಿ ಕೋಟು ತೊಡಿಸುತ್ತಾರೆ. ಒಂದೇ ಕಪ್ಪು ಕೋಟು, ಒಂದೇ ಟೈ. ಮಂಡ್ಯ, ಮದ್ದೂರು, ಶ್ರೀರಂಗಪಟ್ಟಣದ ಅರ್ಧ ಪದವೀಧರರು ಆ ಒಂದೇ ಕೋಟಿನೊಳಗೆ ಇದ್ದಾರೆ. ಸಂದರ್ಶನದ ದಿನ ಸಾಹೇಬರು ಒಮ್ಮೆ ಫೋಟೋ ನೋಡುತ್ತಾರೆ, ಒಮ್ಮೆ ಹುಡುಗನನ್ನು ನೋಡುತ್ತಾರೆ. ಕೋಟೆಲ್ಲಪ್ಪಾ ಅಂತ ಮಾತ್ರ ಕೇಳುವುದಿಲ್ಲ. ಕೇಳಿದರೆ ಅವರ ಕತ್ತಿನಲ್ಲಿ ನೇತಾಡುವ ಗುರುತಿನ ಚೀಟಿಯ ಫೋಟೋಗೂ ಉತ್ತರ ಕೊಡಬೇಕಾಗುತ್ತದೆ.

ಆಮೇಲೆ ರೆಸ್ಯೂಮೆ. ಹವ್ಯಾಸ: ಪುಸ್ತಕ ಓದುವುದು. ಯಾವ ಪುಸ್ತಕ ಅಂತ ಕೇಳಿದರೆ ಫ್ಯಾನ್ ತಿರುಗುವ ಸದ್ದು. ಕೊನೆಯಲ್ಲಿ ಒಂದು ಘೋಷಣೆ ಬೇರೆ: 'ಮೇಲಿನ ವಿವರಗಳೆಲ್ಲ ನನಗೆ ತಿಳಿದ ಮಟ್ಟಿಗೆ ಸತ್ಯ.' ಹೆಸರು, ಊರು, ತಂದೆಯ ಹೆಸರು, ಎಸ್ಸೆಸ್ಸೆಲ್ಸಿ ಮಾರ್ಕ್ಸು, ಇಷ್ಟಕ್ಕೆ ತಿಳಿದ ಮಟ್ಟಿಗೆ ಯಾಕೆ? ಈಗಂತೂ ರೆಸ್ಯೂಮೆ ಬರೆಯುವುದು ಚಾಟ್‌ಜಿಪಿಟಿ. ಅದನ್ನು ಓದಿ ಜರಡಿ ಹಿಡಿಯುವುದು ಕಂಪನಿಯ ಸಾಫ್ಟ್‌ವೇರ್. ವಿಷಾದಿಸುತ್ತೇವೆ ಅಂತ ಮೇಲ್ ಕಳಿಸುವುದೂ ಅದೇ. ಮನುಷ್ಯನ ಪಾಲಿಗೆ ಉಳಿದಿರುವುದು ಬೇಜಾರು ಮಾಡಿಕೊಳ್ಳುವ ಕೆಲಸ ಒಂದು. ಅದಕ್ಕೆ ಸಂಬಳ ಇಲ್ಲ.

ಸಂದರ್ಶನ ಹತ್ತು ಗಂಟೆಗೆ ಅಂತ ಹೇಳಿರುತ್ತಾರೆ. ಮಂಡ್ಯದ ಹುಡುಗ ಆರೂವರೆ ಬಸ್ಸು ಹತ್ತಿ ಎಂಟೂವರೆಗೇ ಗೇಟಿನ ಮುಂದೆ ಹಾಜರು. 2023ರ ಮಾರ್ಚ್‌ನಲ್ಲಿ ದಶಪಥ ಉದ್ಘಾಟನೆ ಆದಾಗ ಬೆಂಗಳೂರಿನಿಂದ ಮೈಸೂರಿಗೆ 75 ನಿಮಿಷ ಸಾಕು ಅಂದರು. ಉಳಿಸಿದ ಹೊತ್ತನ್ನೆಲ್ಲ ಎಲ್ಲಿಡುವುದು ಅನ್ನುವುದಕ್ಕೆ ಮೈಸೂರಿನ ಹೂಟಗಳ್ಳಿಯ ಕಂಪನಿಗಳಲ್ಲಿ ವ್ಯವಸ್ಥೆ ಇದೆ: ರಿಸೆಪ್ಷನ್ನಿನ ಪ್ಲಾಸ್ಟಿಕ್ ಕುರ್ಚಿ. ಮೂರೂವರೆಗೆ ಒಳಗೆ ಕರೆಯುತ್ತಾರೆ. ಮೊದಲ ಪ್ರಶ್ನೆ, ಸಮಯಪಾಲನೆ ಬಗ್ಗೆ ನಿಮ್ಮ ಅಭಿಪ್ರಾಯ ಏನು?

ಪ್ರಶ್ನೆ ಇಂಗ್ಲಿಷಿನಲ್ಲಿ. ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿ ಮಿಷನ್ ನೋಡಿಕೊಳ್ಳುವ ಕೆಲಸ ಅದು. ಕೇಳುವವರು ಹಾಸನದವರು, ಹೇಳುವವನು ಪಾಂಡವಪುರದವನು. ಇಬ್ಬರಿಗೂ ಇಂಗ್ಲಿಷು ಅಷ್ಟಕ್ಕಷ್ಟೇ. ಇಪ್ಪತ್ತು ನಿಮಿಷ ಇಬ್ಬರೂ ಒಬ್ಬರನ್ನೊಬ್ಬರು ಕಷ್ಟಪಟ್ಟು ಅರ್ಥ ಮಾಡಿಕೊಳ್ಳುತ್ತಾರೆ. ಎದ್ದು ಹೊರಡುವಾಗ 'ಊಟ ಆಯ್ತೇನಪ್ಪಾ?' ಅಂತ ಕೇಳುತ್ತಾರೆ. ಅಲ್ಲಿಯವರೆಗೆ ನಡೆದದ್ದರಲ್ಲಿ ಸಂದರ್ಶನ ಅನ್ನಬಹುದಾದದ್ದು ಅದೊಂದೇ.

ಇನ್ನು ದೊಡ್ಡ ಪ್ರಶ್ನೆಗೆ ಬರೋಣ. 'ಐದು ವರ್ಷದ ನಂತರ ನೀವು ಎಲ್ಲಿರ್ತೀರಾ?'

ಇದನ್ನು ಕೇಳುತ್ತಿರುವುದು ಮಂಡ್ಯದವರನ್ನು. ಕೆಆರ್‌ಎಸ್ 124.80 ಅಡಿ ತುಂಬುತ್ತೋ ಇಲ್ಲವೋ, ತುಂಬಿದರೂ ವಿ.ಸಿ. ನಾಲೆಗೆ ಯಾವಾಗ ನೀರು ಬಿಡುತ್ತಾರೋ, ಕಬ್ಬು ಹಾಕೋದೋ ಭತ್ತ ನಾಟಿ ಮಾಡೋದೋ, ಕಾರ್ಖಾನೆಯವರು ದುಡ್ಡು ಯಾವ ತಿಂಗಳಲ್ಲಿ ಕೊಡುತ್ತಾರೋ ಅನ್ನುವುದು ಗೊತ್ತಿಲ್ಲದೆ ತಲೆಮಾರುಗಳಿಂದ ಬೇಸಾಯ ಮಾಡಿದ ಮನೆಯ ಹುಡುಗ. ಮುಂದಿನ ಆಷಾಢದ ಮಾತು ಕೇಳಿದರೇ ಅವನ ಅಪ್ಪ ಆಕಾಶ ನೋಡುತ್ತಾರೆ. ಇವನು ಮಾತ್ರ ಕಣ್ಣು ಮಿಟುಕಿಸದೆ, ಇದೇ ಕಂಪನಿಯಲ್ಲಿ ಟೀಮ್ ಲೀಡರ್ ಆಗಿರ್ತೀನಿ ಸರ್ ಅನ್ನಬೇಕು. ಅವನ ಮನೆತನದಲ್ಲಿ ಭವಿಷ್ಯ ಹೇಳಿದ ಮೊದಲ ಮನುಷ್ಯ ಅವನೇ.

ಈ ಐದು ವರ್ಷದ ಮೇಲೆ ಕಂಪನಿಗಳಿಗೆ ಯಾಕಿಷ್ಟು ಪ್ರೀತಿ? ಆಫರ್ ಲೆಟರಿನ ಹಿಂದಿನ ಪುಟ ತಿರುಗಿಸಿ. ಸಿಟಿಸಿ ಅಂತ ಒಂದು ದೊಡ್ಡ ಮೊತ್ತ ಇರುತ್ತದೆ, ನಿಮ್ಮ ಮೇಲೆ ಕಂಪನಿ ಮಾಡುವ ಒಟ್ಟು ಖರ್ಚು ಅಂತ ಅರ್ಥ. ಅದರಲ್ಲಿ ಕಂಪನಿ ಕಟ್ಟುವ ಪಿಎಫ್ ಸೇರಿರುತ್ತದೆ, ಇನ್ಶೂರೆನ್ಸ್ ಕಂತು ಸೇರಿರುತ್ತದೆ. ಬಹಳ ಕಡೆ ಗ್ರಾಚ್ಯುಟಿಯನ್ನೂ, ಅಂದರೆ ಕೆಲಸ ಬಿಡುವಾಗ ಕೊಡುವ ಇಡುಗಂಟನ್ನೂ ಸೇರಿಸಿಬಿಡುತ್ತಾರೆ, ಮೂಲ ವೇತನದ ಶೇ 4.81. 1972ರ ಕಾಯ್ದೆಯಿಂದ ಬಂದ ಲೆಕ್ಕ ಇದು. ವರ್ಷಕ್ಕೆ ಹದಿನೈದು ದಿನದ ಸಂಬಳ, ತಿಂಗಳಿಗೆ 26 ದಿನ ಅಂತ ಹಿಡಿದು. ಕಾಯಂ ನೌಕರರ ಕೈಗೆ ಅದು ಸಾಮಾನ್ಯವಾಗಿ ಬರುವುದು ಐದು ವರ್ಷ ಪೂರೈಸಿದ ಮೇಲೆ. ಅಂದರೆ ನಾಲ್ಕನೇ ವರ್ಷ ಮುಗಿಸಿ ಬಿಟ್ಟುಹೋದವನಿಗೆ, ಮೊದಲ ದಿನ ತೋರಿಸಿದ ಸಂಬಳದ ಒಂದು ತುಂಡು ಬರೀ ತೋರಿಸಲಿಕ್ಕೆ ಇದ್ದದ್ದು. ಐದು ವರ್ಷದ ನಂತರ ಎಲ್ಲಿರ್ತೀರಾ ಅಂತ ಈಗ ನಾವು ಅವರನ್ನು ಕೇಳಬೇಕು, ಅಲ್ವಾ?

ಕೇಳಿದರೆ ಪಾಪ ಅವರಿಗೂ ಗೊತ್ತಿಲ್ಲ. 2022ರಲ್ಲಿ ಇಂಜಿನಿಯರಿಂಗ್ ಮುಗಿಸಿದ ಎಷ್ಟೋ ಮಕ್ಕಳು ಐಟಿ ಕಂಪನಿಗಳ ಆಫರ್ ಲೆಟರ್ ಹಿಡಿದುಕೊಂಡು ಎರಡು ವರ್ಷ ಕಾದರು. ಐದು ವರ್ಷದ ಪ್ಲ್ಯಾನ್ ಕೇಳಿದವರ ಹತ್ತಿರ ಬರುವ ಜೂನ್ ತಿಂಗಳ ಪ್ಲ್ಯಾನ್ ಇರಲಿಲ್ಲ. ಅಲ್ಲಿ ಕಾದು ಸುಸ್ತಾಗಿ ಬೇರೆ ಕಡೆ ಹೋದರೆ ಪ್ರಶ್ನೆ ಬರುತ್ತದೆ: 'ಎರಡು ವರ್ಷ ಗ್ಯಾಪ್ ಯಾಕೆ?' ನಿಮ್ಮಂಥವರನ್ನು ಕಾಯುತ್ತಿದ್ದೆ ಅಂತ ಹೇಳುವ ಹಾಗಿಲ್ಲ. ಆನ್‌ಲೈನ್ ಕೋರ್ಸ್ ಮಾಡ್ತಿದ್ದೆ ಅನ್ನಬೇಕು. ಕೆಲಸ ಸಿಕ್ಕಿಲ್ಲ ಅನ್ನುವ ನಿಜ ಹೇಳಿದರೆ ದುಡ್ಡು ಕೊಡುವ ಜಾಗ ನಮ್ಮ ರಾಜ್ಯದಲ್ಲಿ ಒಂದೇ, ಯುವನಿಧಿ. ಪದವಿ ಆದವರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾದವರಿಗೆ 1,500. ಅದೂ ಹೆಚ್ಚೆಂದರೆ ಎರಡು ವರ್ಷ. ಆಮೇಲೆ ಸುಳ್ಳಿನ ದಾರಿಯೇ ಗತಿ.

'ಇಲ್ಲಿ ನಾವೆಲ್ಲ ಒಂದು ಕುಟುಂಬದ ಹಾಗೆ' ಅನ್ನುವುದು ಆ ಕಡೆಯವರ ಬಾಯಿಪಾಠ. ಮಂಡ್ಯದವನಿಗೆ ಕುಟುಂಬ ಅಂದ ಕೂಡಲೇ ನೆನಪಾಗುವುದು ಚಿಕ್ಕಪ್ಪನ ಮೇಲೆ ಹಾಕಿರುವ ಪಾಲಿನ ಕೇಸು. ಅಲ್ಲಿಯೂ ಯಾರೂ 90 ದಿನ ನೋಟಿಸ್ ಕೊಟ್ಟು ಮನೆ ಬಿಡುವುದಿಲ್ಲ. ಹುಡುಗ ಸುಮ್ನೆ ನಗುತ್ತಾನೆ. ಸಾಫ್ಟ್ ಸ್ಕಿಲ್ಸ್ ಚೆನ್ನಾಗಿದೆ ಅಂತ ಇವರು ಬರೆದುಕೊಳ್ಳುತ್ತಾರೆ.

ಈ ರೋಗ ಹಳೆಯದು. ಬಲ್ಬಿನ ಎಡಿಸನ್ ಕೆಲಸ ಕೇಳಿ ಬಂದವರಿಗೆ ಕೊಡುತ್ತಿದ್ದ ಉದ್ದನೆಯ ಪ್ರಶ್ನೆಪಟ್ಟಿ 1921ರಲ್ಲಿ ಪತ್ರಿಕೆಗೆ ಸೋರಿಹೋಯಿತು. ಆಗ ಅಮೆರಿಕಕ್ಕೆ ಬಂದಿದ್ದ ಐನ್‌ಸ್ಟೈನ್‌ಗೆ ಅದೇ ಧಾಟಿಯಲ್ಲಿ ಒಂದು ಪ್ರಶ್ನೆ ಎಸೆದರು: ಶಬ್ದದ ವೇಗ ಎಷ್ಟು? ಪುಸ್ತಕದಲ್ಲಿ ಸಿಗುವುದನ್ನು ತಲೆಯಲ್ಲಿ ಹೊತ್ತು ತಿರುಗುವುದಿಲ್ಲ ಅಂದರಂತೆ. ಆ ಸಾಲಿನ ನೊಬೆಲ್ ಅವರಿಗೇ ಬಂತು. ಎಡಿಸನ್ ಕಂಪನಿಯಲ್ಲಿ ಕೆಲಸ ಸಿಗುತ್ತಿತ್ತು ಅಂತ ನನಗನ್ನಿಸುವುದಿಲ್ಲ.

ನಮ್ಮಲ್ಲಿ ಸರ್ಕಾರಕ್ಕೂ ಒಮ್ಮೆ ಅನುಮಾನ ಬಂತು. ಸಣ್ಣ ಹುದ್ದೆಗೆಲ್ಲ ಸಂದರ್ಶನ ಯಾಕೆ ಅಂತ 2015ರ ಆಗಸ್ಟ್ 15ರಂದು ಪ್ರಧಾನಿ ಕೆಂಪುಕೋಟೆಯ ಮೇಲೆ ನಿಂತು ಕೇಳಿದರು. 2016ರ ಜನವರಿ 1ರಿಂದ ಕೇಂದ್ರದ ಗ್ರೂಪ್ ಸಿ, ಗ್ರೂಪ್ ಡಿ ಮತ್ತು ಗೆಜೆಟೆಡ್ ಅಲ್ಲದ ಗ್ರೂಪ್ ಬಿ ಹುದ್ದೆಗಳಿಗೆ ಸಂದರ್ಶನ ತೆಗೆದೇಬಿಟ್ಟರು. ಆಫೀಸು ಮುಳುಗಲಿಲ್ಲ. ಮೊದಲು ಎಷ್ಟು ತೇಲುತ್ತಿತ್ತೋ ಅಷ್ಟೇ ತೇಲುತ್ತಿದೆ.

ಹಾಗಂತ ಸಂದರ್ಶನವೇ ದಂಡ ಅಂತಲ್ಲ. ಶ್ಮಿಟ್ ಮತ್ತು ಹಂಟರ್ ಎಂಬ ಇಬ್ಬರು, ಕೆಲಸಕ್ಕೆ ಜನರನ್ನು ಆರಿಸುವ ಬಗೆಗಳ ಮೇಲೆ ನಡೆದ 85 ವರ್ಷಗಳ ಸಂಶೋಧನೆಯನ್ನು ಗುಡ್ಡೆ ಹಾಕಿ 1998ರಲ್ಲಿ ಲೆಕ್ಕ ತೆಗೆದರು. ಬಾಯಿಗೆ ಬಂದದ್ದು ಕೇಳುವ ಹರಟೆಗಿಂತ, ಎಲ್ಲರಿಗೂ ಒಂದೇ ಪ್ರಶ್ನೆ ಕೇಳಿ ಒಂದೇ ಅಳತೆಯಲ್ಲಿ ಅಂಕ ಕೊಡುವುದು ವಾಸಿ. ಆ ಕೆಲಸವನ್ನೇ ಒಂದಿಷ್ಟು ಮಾಡಿಸಿ ನೋಡುವುದೂ ಒಳ್ಳೆಯದೇ. ಕೈಬರಹ ನೋಡಿ ಆರಿಸುವುದರಿಂದ ಬರುವ ಲಾಭ ಹೆಚ್ಚುಕಡಿಮೆ ಸೊನ್ನೆ. ಇಷ್ಟು ತಿಳಿಯಲು ಅವರಿಗೆ 85 ವರ್ಷದ ಕಾಗದ ಬೇಕಾಯಿತು. ನಮ್ಮ ಕಡೆ ಹಳ್ಳಿಕಾರ್ ಎತ್ತು ಕೊಳ್ಳುವವರು ಹಲ್ಲು ನೋಡುತ್ತಾರೆ, ನೊಗ ಕಟ್ಟಿ ನಾಲ್ಕು ಹೆಜ್ಜೆ ನಡೆಸುತ್ತಾರೆ. ನಿನ್ನ ದೌರ್ಬಲ್ಯ ಏನು ಅಂತ ಎತ್ತನ್ನು ಕೇಳಿದವರನ್ನು ನಾನು ನೋಡಿಲ್ಲ.

ತರಬೇತಿಯವರು ಹೇಳಿಕೊಡದ ಜಾಗ ಒಂದಿದೆ. ಕೊನೆಯಲ್ಲಿ 'ನಿಮಗೇನಾದ್ರೂ ಕೇಳೋದಿದ್ಯಾ?' ಅನ್ನುತ್ತಾರಲ್ಲ, ಅದು. ಎಲ್ಲರೂ ಇಲ್ಲ ಸರ್, ಥ್ಯಾಂಕ್ಯೂ ಸರ್ ಅಂತ ಫೈಲು ಎತ್ತಿಕೊಂಡು ಹಿಂದೆ ಹಿಂದೆ ನಡೆದು ಬಾಗಿಲಿಗೆ ಬೆನ್ನು ಹೊಡೆಸಿಕೊಳ್ಳುತ್ತಾರೆ. ಅಲ್ಲಿ ಕೂತಿರುವುದು ಮದ್ದೂರಿನ ಒಬ್ಬ ಹುಡುಗಿ ಅಂತಿಟ್ಟುಕೊಳ್ಳಿ. ಅವಳು ಏಳುವುದಿಲ್ಲ.

'ಇದ್ಯಲ್ಲ ಸರ್. ಈ ಸಿಟಿಸಿಯಲ್ಲಿ ತಿಂಗಳಿಗೆ ಕೈಗೆ ಬರೋದೆಷ್ಟು? ಅದೊಂದು. ಮತ್ತೆ, ಈ ಸೀಟಲ್ಲಿ ಮುಂಚೆ ಇದ್ದವರು ಯಾಕೆ ಬಿಟ್ಟರು?'

ಸಂದರ್ಶನಕ್ಕೆ ಕೂತ ಮೂವರೂ ಮುಖ ಮುಖ ನೋಡಿಕೊಳ್ಳುತ್ತಾರೆ. ಮೇಡಂ ಬರೆಯುವುದನ್ನು ನಿಲ್ಲಿಸುತ್ತಾರೆ. ನಡುವಿನವರು ನೀರಿನ ಬಾಟಲಿಯ ಮುಚ್ಚಳ ತೆಗೆಯುತ್ತಾರೆ.

'ಅವರಾ... ಅವರು ಕೆಲಸ ಜಾಸ್ತಿ ಮಾಡ್ತಿದ್ರಮ್ಮಾ.'